ಗೆಲಿಲಿಯೊನ ಪತ್ರ ಮತ್ತು ಧರ್ಮಗ್ರಂಥದ ಅರ್ಥವಿಚಾರ

ಧರ್ಮಗ್ರಂಥವು ದೇವರ ವಾಣಿಯೆಂದು ನಂಬಿದವನಿಗೆ ಅದರ ಒಂದು ವಾಕ್ಯವೂ ಸುಳ್ಳಾಗಲಾರದು. ಸೃಷ್ಟಿಯೂ ಅದೇ ದೇವರ ಕೃತಿಯೆಂದು ನಂಬಿದವನಿಗೆ ಸೃಷ್ಟಿಯನ್ನು ಪರೀಕ್ಷಿಸಿ ಕಂಡುಕೊಂಡ ನಿಜವೂ ಸುಳ್ಳಾಗಲಾರದು. ಈ ಎರಡು ನಂಬಿಕೆಗಳೂ ಒಂದೇ ಹೃದಯದಲ್ಲಿ ನೆಲೆಸಿರುವಾಗ, ಗ್ರಂಥವು ಸೂರ್ಯನು ನಡೆಯುತ್ತಾನೆಂದೂ ಗಣಿತವು ಭೂಮಿಯೇ ನಡೆಯುತ್ತದೆಂದೂ ಹೇಳಿದರೆ ಆ ಭಕ್ತನು ಯಾವ ಮಾತನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಎರಡನ್ನೂ ಹಿಡಿಯಲು ದಾರಿಯುಂಟೆ? ಕ್ರೈಸ್ತ ಜಗತ್ತಿನಲ್ಲಿ ಈ ಪ್ರಶ್ನೆಯು ತೀವ್ರ ಸ್ವರೂಪವನ್ನು ತಾಳಿದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ. ಅದಕ್ಕೆ ಉತ್ತರವಾಗಿ ಹುಟ್ಟಿದ ಬರಹಗಳಲ್ಲಿ, ಗೆಲಿಲಿಯೊ ಗೆಲಿಲಿಯು (1564-1642) ಟಸ್ಕನಿಯ ರಾಜಮಾತೆ ಕ್ರಿಸ್ಟೀನಾಳನ್ನು ಉದ್ದೇಶಿಸಿ 1615ರಲ್ಲಿ ಬರೆದ ದೀರ್ಘಪತ್ರವು ಅಗ್ರಗಣ್ಯವಾದುದು.

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಈ ಪತ್ರವನ್ನು ಸಾಮಾನ್ಯವಾಗಿ ಸ್ವತಂತ್ರ ವಿಚಾರದ ಘೋಷಣೆಯೆಂದು ಕೊಂಡಾಡಿ ಮುಂದೆ ಸಾಗುತ್ತಾರೆ. ಆದರೆ ಅದರಲ್ಲಿ ಖಗೋಳಶಾಸ್ತ್ರವಿರುವುದು ಅಲ್ಪ, ವಾಕ್ಯಾರ್ಥವಿಚಾರವೇ ಅಧಿಕ. ಪವಿತ್ರ ವಾಕ್ಯವೊಂದನ್ನು ಹೇಗೆ ಓದಬೇಕು, ವಾಚ್ಯಾರ್ಥವನ್ನು ಎಲ್ಲಿ ಬಿಡಬೇಕು, ಬಿಡುವ ಅಧಿಕಾರ ಯಾರದು ಎಂಬ ಪ್ರಶ್ನೆಗಳೇ ಅದರ ಜೀವಾಳ. ಆದುದರಿಂದ ಅದನ್ನು ಅರ್ಥಮೀಮಾಂಸೆಯ ಕೃತಿಯೆಂದೇ ಎಣಿಸಿ, ಅದರ ಗುಣದೋಷಗಳನ್ನು ತೂಗಿ ನೋಡುವುದು ಉಚಿತ.

1. ಪತ್ರದ ಹಿನ್ನೆಲೆ

ಸೂರ್ಯನು ನಡುವೆ ನಿಂತಿದ್ದಾನೆ, ಭೂಮಿಯು ತನ್ನ ಸುತ್ತಲೂ ಸೂರ್ಯನ ಸುತ್ತಲೂ ತಿರುಗುತ್ತದೆ ಎಂದು ಪ್ರತಿಪಾದಿಸಿದ ಕೊಪರ್ನಿಕಸನ ಗ್ರಂಥವು 1543ರಲ್ಲಿ ಪ್ರಕಟವಾಗಿತ್ತು. ಬಹುಕಾಲ ಅದು ಹೆಚ್ಚಾಗಿ ಪಂಡಿತರ ಗಣಿತವಾಗಿಯೇ ಉಳಿದಿತ್ತು. 1610ರಲ್ಲಿ ಗೆಲಿಲಿಯೊ ತನ್ನ ದೂರದರ್ಶಕದಿಂದ ಚಂದ್ರನ ಮೇಲಿನ ಬೆಟ್ಟಗಳನ್ನೂ ಗುರುಗ್ರಹದ ನಾಲ್ಕು ಉಪಗ್ರಹಗಳನ್ನೂ ಕಂಡು ಲೋಕಕ್ಕೆ ತಿಳಿಸಿದ ಮೇಲೆ ಅದು ಅರಮನೆಯ ಊಟದ ಪಂಕ್ತಿಯಲ್ಲಿಯೂ ಚರ್ಚೆಯ ವಸ್ತುವಾಯಿತು. 1613ರ ಡಿಸೆಂಬರ್ ತಿಂಗಳಲ್ಲಿ ಪೀಸಾ ನಗರದಲ್ಲಿ ನಡೆದುದು ಇಂತಹ ಒಂದು ಪ್ರಸಂಗ. ಗೆಲಿಲಿಯೊನ ಶಿಷ್ಯನೂ ಬೆನೆಡಿಕ್ಟೀನ್ ಪಂಥದ ಸಂನ್ಯಾಸಿಯೂ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಅಧ್ಯಾಪಕನೂ ಆಗಿದ್ದ ಬೆನೆಡೆಟ್ಟೊ ಕಾಸ್ತೆಲ್ಲಿಯು ಅಂದು ರಾಜಕುಟುಂಬದೊಡನೆ ಭೋಜನಕ್ಕೆ ಕುಳಿತಿದ್ದನು. ಭೂಮಿಯು ಚಲಿಸುವುದೆಂಬ ಮತವು ಪವಿತ್ರ ಗ್ರಂಥಕ್ಕೆ ವಿರುದ್ಧವಲ್ಲವೇ ಎಂದು ರಾಜಮಾತೆ ಕ್ರಿಸ್ಟೀನಾ ಅವನನ್ನು ಪ್ರಶ್ನಿಸಿದಳು. ಆಕೆಯ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ; ಶ್ರದ್ಧಾವಂತೆಯಾದ ಹೆಣ್ಣುಮಗಳೊಬ್ಬಳಿಗೆ ಸಹಜವಾದ ಕಳವಳವಿತ್ತು.

ಈ ಸಂಗತಿಯನ್ನು ಶಿಷ್ಯನಿಂದ ತಿಳಿದ ಗೆಲಿಲಿಯೊ 1613ರ ಡಿಸೆಂಬರ್ 21ರಂದು ಅವನಿಗೆ ಒಂದು ಪತ್ರವನ್ನು ಬರೆದನು. ಅದರ ನಕಲುಗಳು ಕೈಯಿಂದ ಕೈಗೆ ಹರಡಿದವು. 1615ರ ಫೆಬ್ರವರಿಯಲ್ಲಿ ಡೊಮಿನಿಕನ್ ಪಂಥದ ಲೊರಿನಿ ಎಂಬ ಪಾದ್ರಿಯು ಅದರ ಒಂದು ಪ್ರತಿಯನ್ನು ರೋಮಿನ ಧರ್ಮವಿಚಾರಣೆಯ ಅಧಿಕಾರಿಗಳಿಗೆ ದೂರಿನೊಡನೆ ಕಳುಹಿಸಿದನು. ಆಗ ಗೆಲಿಲಿಯೊ ಆ ಚಿಕ್ಕ ಪತ್ರವನ್ನೇ ವಿಸ್ತರಿಸಿ, ಪೂರ್ವಾಚಾರ್ಯರ ಪ್ರಮಾಣಗಳನ್ನು ಕೂಡಿಸಿ, ಕ್ರಿಸ್ಟೀನಾಳ ಹೆಸರಿಗೆ ಬರೆದನು. ಇದೇ ಪ್ರಕೃತ ಪತ್ರ. ಇದು ಹಸ್ತಪ್ರತಿಯಾಗಿಯೇ ಸಂಚರಿಸಿ, 1636ರಲ್ಲಿ ಇಟಲಿಯ ಹೊರಗೆ ಸ್ಟ್ರಾಸ್‌ಬರ್ಗಿನಲ್ಲಿ ಲ್ಯಾಟಿನ್ ಅನುವಾದದೊಡನೆ ಅಚ್ಚಾಯಿತು.

ಇಲ್ಲಿ ಒಂದು ವಿಷಯವು ಗಮನಾರ್ಹವಾಗಿದೆ. ಕಾಸ್ತೆಲ್ಲಿಗೆ ಬರೆದ ಪತ್ರದ ಮೂಲಪ್ರತಿಯು 2018ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಗ್ರಂಥಾಲಯದಲ್ಲಿ ಬೆಳಕಿಗೆ ಬಂದಿತು. ಗ್ರಂಥದ ಕೆಲವು ಮಾತುಗಳು ವಾಚ್ಯಾರ್ಥದಲ್ಲಿ ಸುಳ್ಳು ಎಂದು ಮೊದಲು ಬರೆದು, ಅನಂತರ ಅದನ್ನು ಹೊಡೆದುಹಾಕಿ, ಅವು ಸತ್ಯಕ್ಕಿಂತ ಭಿನ್ನವಾಗಿ ತೋರುತ್ತವೆ ಎಂಬರ್ಥದ ಮಾತನ್ನು ಗೆಲಿಲಿಯೊ ತಾನೇ ಹಾಕಿರುವುದು ಅದರಲ್ಲಿ ಕಂಡುಬರುತ್ತದೆ. ಇದನ್ನು ಅಂಜಿಕೆಯ ಗುರುತೆಂದು ಹೇಳುವವರುಂಟು. ಅಂಜಿಕೆಯೂ ಇದ್ದಿರಬಹುದು. ಆದರೆ ಅರ್ಥವಿಚಾರದ ದೃಷ್ಟಿಯಿಂದ ನೋಡಿದರೆ ತಿದ್ದಿದ ಮಾತೇ ಮೊದಲಿನ ಮಾತಿಗಿಂತ ನಿಷ್ಕೃಷ್ಟವಾದುದು. ಸುಳ್ಳಾಗುವುದು ಬೇರೆ, ತೋರಿಕೆಯನ್ನು ಹೇಳುವುದು ಬೇರೆ. ಈ ಭೇದದ ಮೇಲೆಯೇ ಇಡೀ ಚರ್ಚೆ ನಿಂತಿದೆ.

2. ಪತ್ರದ ವಾದಸರಣಿ

ಗೆಲಿಲಿಯೊ ಗ್ರಂಥವನ್ನು ಅಲ್ಲಗಳೆಯುವವನಲ್ಲ. ಪವಿತ್ರ ಗ್ರಂಥ, ಸೃಷ್ಟಿ ಎರಡೂ ಒಂದೇ ದೈವಮೂಲದಿಂದ ಹೊರಟವು. ಆದುದರಿಂದ ಅವುಗಳಲ್ಲಿ ನಿಜವಾದ ವಿರೋಧವಿರಲಾರದು. ವಿರೋಧವು ಕಂಡುಬಂದರೆ ದೋಷವು ಓದುವವನದು ಎಂಬುದು ಅವನ ಮೊದಲ ಹೆಜ್ಜೆ. ಎರಡನೆಯ ಹೆಜ್ಜೆಯಲ್ಲಿ ಆತನು ಎರಡರ ಭಾಷೆಗಿರುವ ಅಂತರವನ್ನು ತೋರಿಸುತ್ತಾನೆ. ಗ್ರಂಥವು ಪಾಮರರ ತಿಳಿವಳಿಕೆಗೆ ನಿಲುಕುವಂತೆ ತನ್ನ ಮಾತನ್ನು ಇಳಿಸಿಕೊಂಡಿದೆ. ದೇವರಿಗೆ ಕೈ, ಕಾಲು, ಕಣ್ಣುಗಳನ್ನೂ ಕೋಪ, ಪಶ್ಚಾತ್ತಾಪಗಳನ್ನೂ ಅದು ಆರೋಪಿಸಿರುವುದು ಈ ಕಾರಣದಿಂದ. ನಿಸರ್ಗವಾದರೋ ಯಾರ ತಿಳಿವಳಿಕೆಗೂ ತನ್ನ ನಿಯಮವನ್ನು ಸಡಿಲಿಸುವುದಿಲ್ಲ. ಮೂರನೆಯ ಹೆಜ್ಜೆಯಲ್ಲಿ ಆತನು ಗ್ರಂಥದ ಉದ್ದೇಶವನ್ನು ನಿರ್ಣಯಿಸುತ್ತಾನೆ. ಆತ್ಮದ ಉದ್ಧಾರಕ್ಕೆ ಬೇಕಾದುದನ್ನು ಕಲಿಸುವುದೇ ಅದರ ಪ್ರಯೋಜನ. ಗ್ರಹಗಳ ಗತಿಯನ್ನು ಕಲಿಸುವುದಲ್ಲ. ಈ ಸಂದರ್ಭದಲ್ಲಿ ಕಾರ್ಡಿನಲ್ ಬರೋನಿಯಸನು ಆಡಿದನೆನ್ನಲಾದ ಚತುರೋಕ್ತಿಯೊಂದನ್ನು ಆತನು ಬಳಸಿಕೊಂಡಿರುವುದು ಪ್ರಸಿದ್ಧವಾಗಿದೆ.

ಈ ವಿಚಾರವು ಗೆಲಿಲಿಯೊನ ಸ್ವಂತ ಸೃಷ್ಟಿಯಲ್ಲ. ಹಾಗೆಂದು ಆತನು ಹೇಳಿಕೊಳ್ಳುವುದೂ ಇಲ್ಲ. ಐದನೆಯ ಶತಮಾನದ ಆದಿಯಲ್ಲಿ ಸಂತ ಅಗಸ್ಟೀನನು ಆದಿಕಾಂಡದ ಮೇಲೆ ಬರೆದ ವ್ಯಾಖ್ಯಾನವೇ ಅವನ ಮುಖ್ಯ ಆಧಾರ. ಆಕಾಶ, ಭೂಮಿ, ನಕ್ಷತ್ರಗಳ ವಿಷಯದಲ್ಲಿ ಅನ್ಯಮತೀಯನೂ ಅನುಭವದಿಂದ ಬಲ್ಲ ಸಂಗತಿಗಳಿರುತ್ತವೆ. ಗ್ರಂಥದ ಹೆಸರಿನಲ್ಲಿ ಅವುಗಳ ಬಗ್ಗೆ ಅಸಂಬದ್ಧವಾಗಿ ಮಾತನಾಡುವ ಕ್ರೈಸ್ತನು ತಾನು ನಗೆಗೀಡಾಗುವುದಲ್ಲದೆ ಗ್ರಂಥವನ್ನೂ ನಗೆಗೀಡುಮಾಡುತ್ತಾನೆಂದು ಅಗಸ್ಟೀನನು ಎಚ್ಚರಿಸಿದ್ದನು. ಪ್ರಾಟೆಸ್ಟೆಂಟ್ ಪಂಥದ ಕ್ಯಾಲ್ವಿನನೂ 1554ರ ತನ್ನ ಆದಿಕಾಂಡದ ವ್ಯಾಖ್ಯಾನದಲ್ಲಿ ಇದೇ ಹಾದಿಯನ್ನು ಹಿಡಿದಿದ್ದಾನೆ. ಆದಿಕಾಂಡವು ಸೂರ್ಯಚಂದ್ರರನ್ನು ಎರಡು ದೊಡ್ಡ ಬೆಳಕುಗಳೆನ್ನುತ್ತದೆ. ಖಗೋಳಜ್ಞರ ಲೆಕ್ಕದಲ್ಲಿ ಶನಿಗ್ರಹವು ಚಂದ್ರನಿಗಿಂತ ಬಹಳ ದೊಡ್ಡದು. ಮೋಶೆಯು ಸಾಮಾನ್ಯ ಜನರ ಕಣ್ಣಿಗೆ ಕಾಣುವಂತೆ ಬರೆದನು, ವಿಶೇಷ ವಿದ್ಯೆಯನ್ನು ಬಯಸುವವನು ಬೇರೆಡೆಗೆ ಹೋಗಲಿ ಎಂಬುದು ಕ್ಯಾಲ್ವಿನನ ಸಮಾಧಾನ. ರೋಮಿಗೂ ಜಿನೀವಕ್ಕೂ ಅನೇಕ ವಿಷಯಗಳಲ್ಲಿ ಹಾವು ಮುಂಗುಸಿಯ ವೈರವಿದ್ದ ಕಾಲದಲ್ಲಿಯೂ ಈ ಒಂದು ತತ್ತ್ವವು ಎರಡೂ ಕಡೆಯವರ ಸ್ವತ್ತಾಗಿತ್ತೆಂಬುದು ನೆನಪಿನಲ್ಲಿಡತಕ್ಕ ಮಾತು.

3. ಲಕ್ಷಣೆಯೂ ತೋರಿಕೆಯ ನುಡಿಯೂ

ಪತ್ರದ ವಾದದಲ್ಲಿ ಮೊದಲು ಪರೀಕ್ಷಿಸಬೇಕಾದುದು, ದೇವರ ಕೈಗೂ ಸೂರ್ಯನ ನಡಿಗೆಗೂ ಅದು ಕಟ್ಟಿರುವ ಸಾಮ್ಯ. ಕಾವ್ಯಮೀಮಾಂಸೆಯನ್ನು ಬಲ್ಲ ವಾಚಕರಿಗೆ ಲಕ್ಷಣೆಯ ಸ್ವರೂಪವು ತಿಳಿದೇ ಇದೆ. ಗಂಗೆಯಲ್ಲಿ ಹಳ್ಳಿಯಿದೆ ಎಂದಾಗ ನೀರಿನ ಮೇಲೆ ಹಳ್ಳಿಯಿರಲಾರದಾದ್ದರಿಂದ ಮುಖ್ಯಾರ್ಥಕ್ಕೆ ಬಾಧೆಯುಂಟಾಗಿ, ದಡವೆಂಬ ಅರ್ಥವನ್ನು ಹಿಡಿಯುತ್ತೇವೆ. ಹೇಳಿದವನಿಗೂ ಕೇಳಿದವನಿಗೂ ಆ ಬಾಧೆಯು ಗೊತ್ತಿದೆ. ದೇವರು ಕೈ ನೀಡಿದನೆಂಬ ಮಾತು ಈ ವರ್ಗಕ್ಕೆ ಸೇರಿದುದು.

ಹೊತ್ತು ಹುಟ್ಟಿತು, ಹೊತ್ತು ಮುಳುಗಿತು ಎಂಬ ಮಾತುಗಳ ಸಂಗತಿ ಹೀಗಲ್ಲ. ಇಲ್ಲಿ ಆಡಿದವನಿಗೆ ಯಾವ ಬಾಧೆಯೂ ತೋರುವುದಿಲ್ಲ. ಕಂಡುದನ್ನು ಕಂಡಂತೆ ಆಡುತ್ತಾನೆ. ಬಸ್ಸಿನಲ್ಲಿ ಕುಳಿತವನು ಊರು ಬಂತು ಎನ್ನುತ್ತಾನೆ. ಬಂದವನು ತಾನು, ಊರು ಇದ್ದಲ್ಲಿಯೇ ಇದೆ. ಅವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ, ಕವಿಯೆಂದೂ ಹೊಗಳುವುದಿಲ್ಲ. ಭೂಭ್ರಮಣವನ್ನು ತರಗತಿಯಲ್ಲಿ ಪಾಠ ಹೇಳಿದ ಉಪಾಧ್ಯಾಯನೂ ಸಂಜೆ ಮನೆಗೆ ಹೊರಡುವಾಗ ಹೊತ್ತು ಮುಳುಗಿತೆಂದೇ ಹೇಳುತ್ತಾನೆ. ಪಂಚಾಂಗವೂ ಸೂರ್ಯೋದಯದ ಗಳಿಗೆಯನ್ನು ಕೊಡುತ್ತದೆಯೇ ಹೊರತು ಭೂಮಿ ತಿರುಗಿದ ಗಳಿಗೆಯನ್ನಲ್ಲ. ಇದು ಅಲಂಕಾರವಲ್ಲ, ತೋರಿಕೆಯ ನುಡಿ. ಅದು ಸತ್ಯವಾಗುವುದೂ ಅಸತ್ಯವಾಗುವುದೂ ನೋಡುವವನ ಸ್ಥಾನವನ್ನು ಅವಲಂಬಿಸಿಯೇ.

ಗೆಲಿಲಿಯೊ ಈ ಎರಡು ವರ್ಗಗಳನ್ನು ಒಂದೇ ನೂಲಿನಲ್ಲಿ ಪೋಣಿಸಿದ್ದಾನೆ. ಅದರಿಂದ ವಾದಕ್ಕೆ ವೇಗ ಬಂದಿದೆ. ಆದರೆ ಒಂದು ತೊಡಕೂ ಸೇರಿಕೊಂಡಿದೆ. ದೇವರಿಗೆ ಕೈಯನ್ನು ಆರೋಪಿಸಿದ ಲೇಖಕನು ತಾನು ಮಾತನ್ನು ಇಳಿಸಿ ಆಡುತ್ತಿರುವೆನೆಂದು ಬಲ್ಲನು. ಸೂರ್ಯನು ಮುಳುಗಿದನೆಂದು ಬರೆದ ಪ್ರಾಚೀನ ಹೀಬ್ರೂ ಲೇಖಕನು ಹಾಗೆ ಇಳಿದು ಆಡಿದನೆಂದು ಹೇಳಲು ಆಧಾರವಿಲ್ಲ. ಅವನ ಕಾಲದ ಲೋಕದೃಷ್ಟಿಯಲ್ಲಿ ಭೂಮಿಯು ಅಚಲವಾಗಿಯೇ ಇತ್ತು; ಅವನು ತನ್ನ ಓದುಗರ ಜೊತೆಗೆ ಅದೇ ನೆಲದ ಮೇಲೆ ನಿಂತು ಮಾತನಾಡಿದನು. ಹಾಗಾದರೆ ಗ್ರಂಥದ ದೈವಿಕತೆಗೆ ಕುಂದು ಬಂದಂತಾಯಿತೆ? ಇಲ್ಲವೆಂದು ಹೇಳುವುದಕ್ಕೆ ಗೆಲಿಲಿಯೊನ ಮೂರನೆಯ ಹೆಜ್ಜೆಯೇ ಸಾಕು. ದೈವವು ಒಬ್ಬ ಮನುಷ್ಯನ ಬಾಯಿಂದ ತನ್ನ ಮಾತನ್ನು ಆಡಿಸಿದಾಗ ಆ ಮನುಷ್ಯನ ಭೂಗೋಳಜ್ಞಾನವನ್ನು ಮೊದಲು ತಿದ್ದಬೇಕೆಂಬ ನಿಯಮವಿಲ್ಲ. ಗ್ರಂಥದ ಪ್ರಾಮಾಣ್ಯವು ಅದು ಏನನ್ನು ಹೇಳಹೊರಟಿದೆಯೋ ಅದರಲ್ಲಿ; ಹೇಳುವಾಗ ಕಾಲಿಟ್ಟ ನೆಲದಲ್ಲಿ ಅಲ್ಲ. ಗೆಲಿಲಿಯೊ ಇಷ್ಟನ್ನು ಬಿಡಿಸಿ ಹೇಳಲಿಲ್ಲ. ಆದರೂ ಅವನ ಮಾತಿನಲ್ಲಿ ಇದರ ಬೀಜವಿದೆ.

4. ಕಾರ್ಡಿನಲ್ ಬೆಲ್ಲರ್ಮಿನನ ಆಕ್ಷೇಪ

ಗೆಲಿಲಿಯೊನ ಎದುರಾಳಿಗಳೆಲ್ಲರೂ ಮೂಢರೆಂದು ಭಾವಿಸುವುದು ತಪ್ಪು. ಅವರಲ್ಲಿ ಅತ್ಯಂತ ಸಮರ್ಥನಾದ ಕಾರ್ಡಿನಲ್ ಬೆಲ್ಲರ್ಮಿನನು 1615ರ ಏಪ್ರಿಲ್ 12ರಂದು, ಕೊಪರ್ನಿಕಸನ ಪಕ್ಷವನ್ನು ವಹಿಸಿ ಬರೆದಿದ್ದ ಫೊಸ್ಕರಿನಿ ಎಂಬ ಕಾರ್ಮೆಲೈಟ್ ಸಂನ್ಯಾಸಿಗೆ ಒಂದು ಪತ್ರವನ್ನು ಬರೆದನು. ಗಣಿತದ ಅನುಕೂಲಕ್ಕಾಗಿ ಭೂಚಲನೆಯನ್ನು ಕಲ್ಪಿಸಿಕೊಂಡರೆ ಬಾಧಕವಿಲ್ಲ. ಅದೇ ವಾಸ್ತವವೆಂದರೆ ಬಾಧಕವುಂಟು ಎಂಬುದು ಅವನ ನಿಲುವು. ಪೂರ್ವಾಚಾರ್ಯರ ಒಮ್ಮತಕ್ಕೆ ವಿರುದ್ಧವಾದ ಅರ್ಥವನ್ನು ಗ್ರಂಥಕ್ಕೆ ಹೇಳಕೂಡದೆಂದು ಟ್ರೆಂಟಿನ ಮಹಾಸಭೆಯು 1546ರಲ್ಲಿ ವಿಧಿಸಿದ್ದನ್ನು ಅವನು ನೆನಪಿಸುತ್ತಾನೆ. ಇದು ವಿಶ್ವಾಸದ ವಿಷಯವಲ್ಲವೆಂದು ತಳ್ಳಿಹಾಕುವಂತಿಲ್ಲ. ವಸ್ತುವಿನ ದೃಷ್ಟಿಯಿಂದ ಅಲ್ಲದಿದ್ದರೂ ಹೇಳಿದವನ ದೃಷ್ಟಿಯಿಂದ ಅದು ವಿಶ್ವಾಸದ ವಿಷಯವೇ. ಅಬ್ರಹಾಮನಿಗೆ ಇಬ್ಬರು ಮಕ್ಕಳಿದ್ದರೆಂಬುದನ್ನು ನಿರಾಕರಿಸುವವನೂ ಪಾಷಂಡಿಯೇ ಎಂದು ಅವನು ಉದಾಹರಿಸುತ್ತಾನೆ. ಆದರೆ ಭೂಚಲನೆಗೆ ನಿರ್ಣಾಯಕವಾದ ಸಾಧನೆಯೇನಾದರೂ ಇದ್ದರೆ ಗ್ರಂಥವಾಕ್ಯಗಳನ್ನು ಬಹಳ ಎಚ್ಚರಿಕೆಯಿಂದ ಪುನಃ ವ್ಯಾಖ್ಯಾನಿಸಬೇಕಾಗುವುದು, ಸಿದ್ಧವಾದುದನ್ನು ಸುಳ್ಳೆನ್ನುವುದಕ್ಕಿಂತ ಗ್ರಂಥವು ತಮಗೆ ತಿಳಿಯಲಿಲ್ಲವೆನ್ನುವುದೇ ಲೇಸು ಎಂಬುದನ್ನೂ ಅವನು ಒಪ್ಪುತ್ತಾನೆ. ಅಂತಹ ಸಾಧನೆ ತನಗೆ ಕಾಣದೆಂಬುದೇ ಅವನ ಆಕ್ಷೇಪ.

ಇಲ್ಲಿ ಗೆಲಿಲಿಯೊನ ವಾದದ ಬಿರುಕು ಬಯಲಾಗುತ್ತದೆ. ಸಿದ್ಧವಾದ ನಿಸರ್ಗಸತ್ಯಕ್ಕೆ ಗ್ರಂಥದ ಅರ್ಥವನ್ನು ಹೊಂದಿಸಬೇಕು. ಸಿದ್ಧವಾಗದೆ ಕೇವಲ ಊಹೆಯಾಗಿರುವ ವಿಷಯದಲ್ಲಿ ಗ್ರಂಥದ ವಾಚ್ಯಾರ್ಥಕ್ಕೇ ಮನ್ನಣೆ ಸಲ್ಲಬೇಕು ಎಂಬ ಮಾತನ್ನು ಗೆಲಿಲಿಯೊ ತನ್ನ ಪತ್ರದಲ್ಲಿ ತಾನೇ ಒಪ್ಪಿದ್ದಾನೆ. ಮುಖ್ಯಾರ್ಥಬಾಧೆಯಿಲ್ಲದೆ ಲಕ್ಷಣೆಯಿಲ್ಲ ಎಂಬ ನಿಯಮವೇ ಇದು. ಇದನ್ನೊಪ್ಪಿದೊಡನೆ ಆತನು ಬೆಲ್ಲರ್ಮಿನನ ಅಂಗಳಕ್ಕೆ ಕಾಲಿಟ್ಟಂತಾಯಿತು. ಏಕೆಂದರೆ ನಿರ್ಣಾಯಕವಾದ ಸಾಧನೆಯು ಅವನ ಕೈಯಲ್ಲಿ ಆಗ ಇರಲಿಲ್ಲ. 1616ರ ಜನವರಿಯಲ್ಲಿ ಸಮುದ್ರದ ಉಬ್ಬರವಿಳಿತಗಳಿಂದ ಭೂಚಲನೆಯನ್ನು ಸಾಧಿಸಲು ಆತನು ಬರೆದ ಪ್ರಬಂಧವು ತಪ್ಪಾಗಿತ್ತು. ಭೂಮಿಯ ಚಲನೆಯಿಂದ ನಕ್ಷತ್ರಗಳ ಸ್ಥಾನದಲ್ಲಿ ತೋರುವ ಪಲ್ಲಟವನ್ನು ಬ್ರಾಡ್ಲಿ ಕಂಡು ಹಿಡಿದುದು 1728ರಲ್ಲಿ. ಬೆಸೆಲನು ನಕ್ಷತ್ರವೊಂದರ ಲಂಬನವನ್ನು ಅಳೆದುದು 1838ರಲ್ಲಿ. ಎರಡನೆಯ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಶ್ರದ್ಧಾವಂತನು ಅಷ್ಟು ಕಾಲವೂ ಸೂರ್ಯನೇ ಸುತ್ತುತ್ತಾನೆಂದು ಗ್ರಂಥದ ಬಲದಿಂದ ನಂಬಬೇಕಾಗಿತ್ತು. ಆದರೆ ಗ್ರಂಥವು ಗ್ರಹಗತಿಯನ್ನು ಕಲಿಸಲು ಬಂದುದೇ ಅಲ್ಲವೆಂಬ ಮೊದಲ ತತ್ತ್ವವು ನಿಜವಾದರೆ, ಯಾವ ಸಾಧನೆಗೂ ಕಾಯಬೇಕಾಗಿರಲಿಲ್ಲ. ಕಲಿಸದ ವಿಷಯದಲ್ಲಿ ಗ್ರಂಥಕ್ಕೆ ಪಕ್ಷವೇ ಇಲ್ಲ. ಎರಡು ನಿಯಮಗಳನ್ನು ಗೆಲಿಲಿಯೊ ಅಕ್ಕಪಕ್ಕದಲ್ಲಿಯೇ ಇರಿಸಿದನು. ಅವು ಒಂದನ್ನೊಂದು ನೂಕುತ್ತವೆಂಬುದನ್ನು ಗಮನಿಸಲಿಲ್ಲ.

ಬೆಲ್ಲರ್ಮಿನನಾದರೋ ಸಾಧನೆಯ ವಿಷಯದಲ್ಲಿ ಸರಿ, ಅರ್ಥದ ವಿಷಯದಲ್ಲಿ ತಪ್ಪು. ಅಬ್ರಹಾಮನ ಮಕ್ಕಳ ಸಂಖ್ಯೆಯನ್ನು ಗ್ರಂಥವು ಒಂದು ವೃತ್ತಾಂತವಾಗಿ ನಿರೂಪಿಸುತ್ತದೆ. ಸೂರ್ಯನ ನಡಿಗೆಯನ್ನು ಹಾಗೆ ನಿರೂಪಿಸುವುದಿಲ್ಲ, ಬೇರೊಂದನ್ನು ಹೇಳುವಾಗ ಅದನ್ನು ಮುಟ್ಟಿ ಹೋಗುತ್ತದೆ. ಹೇಳಿದವನ ಗೌರವದಿಂದ ಹೇಳಿದ್ದೆಲ್ಲವೂ ಸಮಾನವಾಗುವುದಾದರೆ ವಿಧಿಗೂ ಉಪಮೆಗೂ ಭೇದವೇ ಉಳಿಯದು. ಗ್ರಂಥಕ್ಕೆ ಹೆಚ್ಚು ಮನ್ನಣೆ ಕೊಡುವಂತೆ ತೋರುವ ಈ ನಿಲುವು, ಅದರೊಳಗಿನ ಮಾತಿನ ಬಗೆಗಳನ್ನು ಅಳಿಸಿ, ಅದನ್ನು ಬಡವಾಗಿಸುತ್ತದೆ.

5. ಯೆಹೋಶುವನ ಪ್ರಸಂಗ

ಪತ್ರದ ಕೊನೆಯ ಭಾಗದಲ್ಲಿ ಗೆಲಿಲಿಯೊ ಕ್ರಿಸ್ಟೀನಾಳ ಮನಸ್ಸಿನಲ್ಲಿದ್ದ ಪ್ರಸಂಗಕ್ಕೇ ಬರುತ್ತಾನೆ. ಯೆಹೋಶುವನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಅಮೋರಿಯರ ಐವರು ಅರಸರೊಡನೆ ನಡೆದ ಯುದ್ಧದ ವರ್ಣನೆಯಿದೆ. ಶತ್ರುಗಳು ಓಡುತ್ತಿರುವಾಗ ಯೆಹೋಶುವನು ಗಿಬ್ಯೋನಿನ ಮೇಲೆ ಸೂರ್ಯನೂ ಅಯ್ಯಾಲೋನ್ ಕಣಿವೆಯ ಮೇಲೆ ಚಂದ್ರನೂ ನಿಲ್ಲಬೇಕೆಂದು ಕೂಗಿ ಹೇಳುತ್ತಾನೆ. ಇಸ್ರಾಯೇಲ್ಯರು ಗೆಲ್ಲುವ ತನಕ ಸೂರ್ಯನು ಆಕಾಶದ ನಡುವೆ ನಿಲ್ಲುತ್ತಾನೆ.

ಗೆಲಿಲಿಯೊನ ಮೊದಲ ಮಾತು ಬಹು ಸೊಗಸಾದುದು. ಪ್ರಾಚೀನ ಖಗೋಳಮತದ ಪ್ರಕಾರ ಸೂರ್ಯನ ಸ್ವಂತ ಗತಿಯೆಂದರೆ ರಾಶಿಗಳ ಮಾರ್ಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ವರ್ಷಕ್ಕೊಮ್ಮೆ ಸುತ್ತುವುದು. ಅವನನ್ನು ದಿನವೂ ಪೂರ್ವದಿಂದ ಪಶ್ಚಿಮಕ್ಕೆ ಒಯ್ಯುವುದು ಎಲ್ಲಕ್ಕಿಂತ ಹೊರಗಿನ ಆದಿಗೋಳದ ಚಲನೆ. ಸೂರ್ಯನ ಸ್ವಂತ ಗತಿಯು ನಿಂತುಹೋದರೆ ದಿನವು ದೀರ್ಘವಾಗುವುದಿಲ್ಲ. ಸುಮಾರು 4 ನಿಮಿಷಗಳಷ್ಟು ಕಿರಿದಾಗುತ್ತದೆ. ದಿನವು ಬೆಳೆಯಬೇಕಾದರೆ ಆದಿಗೋಳವೇ ನಿಲ್ಲಬೇಕು. ಆದರೆ ಗ್ರಂಥವು ಆದಿಗೋಳದ ಹೆಸರನ್ನೇ ಎತ್ತುವುದಿಲ್ಲ. ಆದುದರಿಂದ ಅಕ್ಷರಾರ್ಥವನ್ನೇ ಹಿಡಿದಿದ್ದೇವೆನ್ನುವ ಸಾಂಪ್ರದಾಯಿಕರೂ ಅಕ್ಷರಾರ್ಥವನ್ನು ಬಿಟ್ಟೇ ವಾಕ್ಯವನ್ನು ಹೊಂದಿಸಿಕೊಳ್ಳುತ್ತಿದ್ದಾರೆ. ವ್ಯಾಖ್ಯಾನವಿಲ್ಲದೆ ಓದುವೆನೆನ್ನುವವನೂ ಒಂದು ವ್ಯಾಖ್ಯಾನವನ್ನು ಬಗಲಲ್ಲಿ ಇಟ್ಟುಕೊಂಡೇ ಇರುತ್ತಾನೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆ ದುರ್ಲಭ.

ಇಲ್ಲಿಗೆ ನಿಲ್ಲಿಸಿದ್ದರೆ ಪತ್ರವು ದೋಷರಹಿತವಾಗುತ್ತಿತ್ತು. ಆದರೆ ಆತನು ಮುಂದುವರಿದು, ಅದೇ ವಾಕ್ಯದಲ್ಲಿ ಕೊಪರ್ನಿಕಸನ ಮತವು ಅಡಗಿದೆಯೆಂದು ತೋರಿಸಹೊರಡುತ್ತಾನೆ. ಸೂರ್ಯನು ತನ್ನ ಅಕ್ಷದ ಮೇಲೆ ಸುಮಾರು ಒಂದು ತಿಂಗಳಿಗೆ ಒಮ್ಮೆ ತಿರುಗುವುದನ್ನು ಸೂರ್ಯಕಲೆಗಳ ಮೂಲಕ ಆತನು 1613ರಲ್ಲಿ ತೋರಿಸಿದ್ದನು. ಆ ತಿರುಗುವಿಕೆಯೇ ಗ್ರಹಗಳೆಲ್ಲವನ್ನೂ ಚಲಿಸುವಂತೆ ಮಾಡುತ್ತದೆ. ಅದು ನಿಂತೊಡನೆ ಭೂಮಿಯೂ ಚಂದ್ರನೂ ಉಳಿದ ಗ್ರಹಗಳೂ ನಿಂತು ದಿನವು ದೀರ್ಘವಾಯಿತು. ಆಕಾಶದ ನಡುವೆ ಎಂದರೆ ವಿಶ್ವದ ಕೇಂದ್ರದಲ್ಲಿ ಎಂದರ್ಥ. ಹೀಗೆ ಅಕ್ಷರಾರ್ಥವು ಹೊಸ ಮತಕ್ಕೇ ಚೆನ್ನಾಗಿ ಒಪ್ಪುತ್ತದೆ ಎಂದು ಆತನು ವಾದಿಸುತ್ತಾನೆ. ಗ್ರಂಥವು ಖಗೋಳವನ್ನು ಕಲಿಸುವುದಿಲ್ಲವೆಂದು ಇಡೀ ಪತ್ರದಲ್ಲಿ ಸಾಧಿಸಿದವನು ಕೊನೆಯಲ್ಲಿ ಗ್ರಂಥದಿಂದಲೇ ಖಗೋಳವನ್ನು ಹೊರತೆಗೆದಂತಾಯಿತು.

ಎದುರಾಳಿಯ ಆಯುಧದಿಂದಲೇ ಎದುರಾಳಿಯನ್ನು ಹೊಡೆಯುವ ವಾದಚಾತುರ್ಯವಷ್ಟೇ ಇದು ಎಂದು ಸಮರ್ಥಿಸುವವರುಂಟು. ಹಾಗಿದ್ದರೂ ಅದರ ಫಲವನ್ನು ಕಾಲವು ತೋರಿಸಿದೆ. ಸೂರ್ಯನ ತಿರುಗುವಿಕೆಯು ಗ್ರಹಗಳನ್ನು ಚಲಿಸುವಂತೆ ಮಾಡುತ್ತದೆಂಬ ಊಹೆಯನ್ನು 1687ರಲ್ಲಿ ನ್ಯೂಟನ್ನನ ಗುರುತ್ವಸಿದ್ಧಾಂತವು ಅನವಶ್ಯಕವಾಗಿಸಿತು. ಸೂರ್ಯನು ವಿಶ್ವದ ಕೇಂದ್ರದಲ್ಲಿಯೂ ಇಲ್ಲ. ತನ್ನ ಪರಿವಾರದೊಡನೆ ಆಕಾಶಗಂಗೆಯ ನಡುಭಾಗವನ್ನು ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳಿಗೆ ಒಮ್ಮೆ ಸುತ್ತುತ್ತಿದ್ದಾನೆ. ಯೆಹೋಶುವನ ವಾಕ್ಯಕ್ಕೆ ಗೆಲಿಲಿಯೊ ತೊಡಿಸಿದ ವಿಜ್ಞಾನದ ಉಡುಪು ನೂರು ವರ್ಷವೂ ಬಾಳಲಿಲ್ಲ. ಗ್ರಂಥದ ಉದ್ದೇಶವನ್ನು ಕುರಿತು ಆತನು ಹೇಳಿದ ಸರಳವಾದ ಮಾತು ಮಾತ್ರ ನಾಲ್ಕು ನೂರು ವರ್ಷಗಳ ಅನಂತರವೂ ಅಲುಗದೆ ನಿಂತಿದೆ.

6. ಕೆಪ್ಲರನ ಓದು

ಇದೇ ಪ್ರಸಂಗವನ್ನು ಗೆಲಿಲಿಯೊನಿಗಿಂತ ಮೊದಲೇ, 1609ರಲ್ಲಿ ಪ್ರಕಟವಾದ ತನ್ನ ಖಗೋಳಗ್ರಂಥದ ಪೀಠಿಕೆಯಲ್ಲಿ, ಯೊಹಾನೆಸ್ ಕೆಪ್ಲರನು ಚರ್ಚಿಸಿದ್ದಾನೆ. ಆತನು ಕೇಳುವ ಪ್ರಶ್ನೆಯೇ ಬೇರೆ. ಯೆಹೋಶುವನಿಗೆ ಬೇಕಾಗಿದ್ದುದೇನು? ಬೆಟ್ಟಗಳು ಬೆಳಕನ್ನು ಮರೆಮಾಡದೆ ಹಗಲು ಉಳಿಯಬೇಕೆಂಬುದಷ್ಟೆ. ಯುದ್ಧರಂಗದಲ್ಲಿ ನಿಂತವನು ಖಗೋಳದ ಸೂಕ್ಷ್ಮವನ್ನು ಯೋಚಿಸಲಾರನು. ಕಣ್ಣಿಗೆ ಕಂಡ ಭಾಷೆಯಲ್ಲಿ ಅವನು ಬೇಡಿದನು. ದೇವರು ಆ ಮಾತಿನಿಂದ ಅವನ ಇಷ್ಟವನ್ನು ಅರಿತು, ಭೂಮಿಯನ್ನು ನಿಲ್ಲಿಸಿ, ಅದನ್ನು ನಡೆಸಿಕೊಟ್ಟನು. ಪವಾಡವನ್ನು ಕೆಪ್ಲರನು ನಿರಾಕರಿಸಲಿಲ್ಲ. ಪ್ರಾರ್ಥನೆಯ ಭಾಷೆಯನ್ನು ಪ್ರಾರ್ಥನೆಯ ಭಾಷೆಯಾಗಿ ಓದಿದನು.

ಪ್ರಸಂಗಿಯ ಗ್ರಂಥದ ಮೊದಲ ಅಧ್ಯಾಯದ ವಿಷಯದಲ್ಲಿಯೂ ಹೀಗೆಯೇ. ಅಲ್ಲಿ ತಲೆಮಾರುಗಳ ಬರುಹೋಗುವಿಕೆ ಮತ್ತು ಭೂಮಿಯ ಸ್ಥಿರತೆ, ಅದರ ಬೆನ್ನಿಗೇ ಸೂರ್ಯನ ಉದಯಾಸ್ತಗಳು ಉಕ್ತವಾಗಿವೆ. ಸೂರ್ಯನನ್ನು ಕುರಿತ ಮಾತನ್ನು ಬೆಲ್ಲರ್ಮಿನನು ಎತ್ತಿಕೊಂಡು, ಇದನ್ನು ಬರೆದವನು ಮಹಾಜ್ಞಾನಿಯಾದ ಸೊಲೊಮೋನನು, ಆತನು ಸುಳ್ಳನ್ನು ಹೇಳಿಯಾನೆ ಎಂದು ಕೇಳುತ್ತಾನೆ. ಅದರ ಪಕ್ಕದಲ್ಲಿಯೇ ಇರುವ ಭೂಮಿಯ ಮಾತನ್ನು ಎತ್ತಿಕೊಂಡ ಕೆಪ್ಲರನು ಇದು ಭೌತವಿಜ್ಞಾನವೇ ಅಲ್ಲ, ಮನುಷ್ಯನ ನಶ್ವರತೆಯನ್ನು ಕುರಿತ ನೀತಿ ಎನ್ನುತ್ತಾನೆ. ಹುಟ್ಟಿ ಸಾಯುವವನಿಗೆ ತನ್ನ ಅಲ್ಪಾಯುಸ್ಸನ್ನು ನೆನಪಿಸಲು ಭೂಮಿಯ ಸ್ಥಿರತೆಯನ್ನು ಹೇಳಿದೆಯೇ ಹೊರತು ಭೂಮಿಯ ಗತಿಸ್ಥಿತಿಗಳ ನಿರ್ಣಯಕ್ಕಲ್ಲ. ಹತ್ತೊಂಬತ್ತನೆಯ ಕೀರ್ತನೆಯಲ್ಲಿ ಸೂರ್ಯನು ಡೇರೆಯಿಂದ ಹೊರಡುವ ಮದುಮಗನಂತೆ ವರ್ಣಿತನಾಗಿದ್ದಾನೆ. ದಿಗಂತದಲ್ಲಿ ಡೇರೆಯಿಲ್ಲವೆಂಬುದು ಕೀರ್ತನಕಾರನಿಗೂ ಗೊತ್ತಿತ್ತೆಂದು ಕೆಪ್ಲರನು ಹೇಳುವಾಗ ಆತನಲ್ಲಿ ಗಣಿತಜ್ಞನಷ್ಟೇ ಅಲ್ಲ, ಸಹೃದಯನೂ ಮಾತನಾಡುತ್ತಾನೆ. ಅರ್ಥಮೀಮಾಂಸಕನಾಗಿ ಕೆಪ್ಲರನು ಗೆಲಿಲಿಯೊನಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಾನೆಂದು ಹೇಳಲಡ್ಡಿಯಿಲ್ಲ.

ಆದರೆ ಇಬ್ಬರೂ ಗಮನಿಸದ ಒಂದು ಅಂಶವು ಯೆಹೋಶುವನ ಪಠ್ಯದಲ್ಲಿಯೇ ಇದೆ. ಆ ಮಾತು ಯಾಷಾರ್ ಎಂಬ ಗ್ರಂಥದಲ್ಲಿ ಬರೆದಿದೆಯೆಂದು ನಿರೂಪಕನೇ ಹೇಳುತ್ತಾನೆ. ಈಗ ಕಳೆದುಹೋಗಿರುವ ಆ ಗ್ರಂಥದ ಹೆಸರು ಸಮುವೇಲನ ಎರಡನೆಯ ಗ್ರಂಥದಲ್ಲಿಯೂ ಬರುತ್ತದೆ. ಅಲ್ಲಿ ಅದರಿಂದ ಉದ್ಧೃತವಾದುದು ಸೌಲ ಯೋನಾತಾನರ ಸಾವಿಗಾಗಿ ದಾವೀದನು ಹಾಡಿದ ಶೋಕಗೀತೆ. ಎಂದ ಮೇಲೆ ಅದು ಹಾಡುಗಳ ಸಂಗ್ರಹವಾಗಿದ್ದಿತೆಂದು ವಿದ್ವಾಂಸರು ಊಹಿಸಿರುವುದು ಸಮಂಜಸ. ಸೂರ್ಯನಿಗೊಂದು ಸಾಲು, ಚಂದ್ರನಿಗೊಂದು ಸಾಲು. ಒಂದರಲ್ಲಿ ಊರು, ಇನ್ನೊಂದರಲ್ಲಿ ಕಣಿವೆ. ಇದು ಹೀಬ್ರೂ ಕಾವ್ಯಕ್ಕೆ ಸಹಜವಾದ ಸಮಾಂತರ ರಚನೆ. ಅಲ್ಲಿಯ ಕ್ರಿಯಾಪದಕ್ಕೆ ಮೌನವಾಗಿರು ಎಂಬ ಅರ್ಥವೂ ಉಂಟು. ಹಾಡಿನ ಈ ಕರೆಯನ್ನು ಮುಂದಿನ ಗದ್ಯನಿರೂಪಕನು ನಡೆದ ಅದ್ಭುತವೆಂದೇ ಗ್ರಹಿಸಿ ಮುಂದುವರಿಸಿದ್ದಾನೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವನ ಬೆರಗು ಯಾವುದರ ಮೇಲಿದೆ? ಉಪಕ್ರಮ, ಉಪಸಂಹಾರಗಳನ್ನು ನೋಡಿ ತಾತ್ಪರ್ಯವನ್ನು ನಿರ್ಣಯಿಸಬೇಕೆಂಬುದು ಭಾರತೀಯ ಮೀಮಾಂಸಕರ ನಿಯಮ. ಇಲ್ಲಿಯ ಉಪಸಂಹಾರದಲ್ಲಿ ನಿರೂಪಕನು ಆ ದಿನದಂತಹ ದಿನವು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ ಎಂದು ಹೇಳಿ, ಅದಕ್ಕೆ ಕಾರಣವಾಗಿ ಹಗಲಿನ ಉದ್ದವನ್ನು ಹೇಳದೆ, ದೇವರು ಒಬ್ಬ ಮನುಷ್ಯನ ಮಾತಿಗೆ ಕಿವಿಗೊಟ್ಟುದನ್ನು ಹೇಳುತ್ತಾನೆ. ಸೂರ್ಯನ ಗತಿಯನ್ನು ಕುರಿತು ಎರಡು ಪಕ್ಷಗಳೂ ಹೊಡೆದಾಡಿದುವು. ನಿರೂಪಕನ ಮನಸ್ಸು ನಿಂತಿದ್ದುದು ಈ ಮಾತಿನ ಮೇಲೆ.

7. ಉತ್ತರಕಾಲ

ಮುಂದಿನ ಕಥೆಯು ದುಃಖಕರವಾದುದು. 1616ರ ಮಾರ್ಚ್ 5ರಂದು ಹೊರಟ ಆಜ್ಞೆಯು ಫೊಸ್ಕರಿನಿಯ ಪುಸ್ತಕವನ್ನು ನಿಷೇಧಿಸಿ, ಕೊಪರ್ನಿಕಸನ ಗ್ರಂಥವನ್ನು ತಿದ್ದುಪಡಿಯಾಗುವವರೆಗೆ ತಡೆಹಿಡಿಯಿತು. 1632ರಲ್ಲಿ ಗೆಲಿಲಿಯೊ ಲೋಕದ ಎರಡು ವ್ಯವಸ್ಥೆಗಳನ್ನು ಕುರಿತ ತನ್ನ ಸಂವಾದವನ್ನು ಪ್ರಕಟಿಸಿದನು. 1633ರ ಜೂನ್ 22ರಂದು ವಿಚಾರಣಾಪೀಠದ ಮುಂದೆ ಮೊಣಕಾಲೂರಿ ತನ್ನ ಮತವನ್ನು ತ್ಯಜಿಸಿದೆನೆಂದು ಹೇಳಬೇಕಾಯಿತು. ಕಣ್ಣು ಕಳೆದುಕೊಂಡು, ಗೃಹಬಂಧನದಲ್ಲಿದ್ದುಕೊಂಡೇ ಆತನು 1642ರಲ್ಲಿ ತೀರಿಕೊಂಡನು. ಕೊಪರ್ನಿಕಸನ ಮತ್ತು ಗೆಲಿಲಿಯೊನ ಹೆಸರುಗಳು ನಿಷಿದ್ಧ ಗ್ರಂಥಗಳ ಪಟ್ಟಿಯಿಂದ ಮರೆಯಾದುದು 1835ರಲ್ಲಿ.

ಆದರೆ ಗ್ರಂಥವನ್ನು ಓದುವ ರೀತಿಯಲ್ಲಿ ಸೋತವನ ನಿಯಮವೇ ಕೊನೆಗೆ ಗೆದ್ದಿತು. ಪವಿತ್ರ ಲೇಖಕರು ನಿಸರ್ಗದ ಒಳಸ್ವರೂಪವನ್ನು ಕಲಿಸಹೊರಟವರಲ್ಲ, ತಮ್ಮ ಕಾಲದ ರೂಢಿಯಂತೆಯೂ ಇಂದ್ರಿಯಗಳಿಗೆ ತೋರಿದಂತೆಯೂ ಮಾತನಾಡಿದರು ಎಂದು ಹದಿಮೂರನೆಯ ಲಿಯೊ ಪೋಪರು 1893ರ ತಮ್ಮ ಪರಿಪತ್ರದಲ್ಲಿ, ಅಗಸ್ಟೀನನ ಆಧಾರದ ಮೇಲೆಯೇ, ಒಪ್ಪಿದರು. 1943ರಲ್ಲಿ ಹನ್ನೆರಡನೆಯ ಪಯಸ್ ಪೋಪರು ಪ್ರಾಚೀನರ ಸಾಹಿತ್ಯಪ್ರಕಾರಗಳನ್ನು ಅರಿತು ಗ್ರಂಥವನ್ನು ಅರ್ಥೈಸಬೇಕೆಂದು ವಿಧಿಸಿದರು. 1992ರ ಅಕ್ಟೋಬರ್ 31ರಂದು ಎರಡನೆಯ ಜಾನ್ ಪಾಲ್ ಪೋಪರು ತಮ್ಮ ವಿಜ್ಞಾನ ಪರಿಷತ್ತಿನ ಎದುರು, ಗ್ರಂಥದ ಅರ್ಥನಿರ್ಣಯದ ವಿಷಯದಲ್ಲಿ ಗೆಲಿಲಿಯೊ ತನ್ನನ್ನು ವಿರೋಧಿಸಿದ ಧರ್ಮಪಂಡಿತರಿಗಿಂತ ಹೆಚ್ಚು ಸೂಕ್ಷ್ಮದರ್ಶಿಯಾಗಿದ್ದನೆಂದು ಬಹಿರಂಗವಾಗಿ ಹೇಳಿದರು.

ಈ ವಿವಾದದಿಂದ ಎರಡು ಅಪಾಯಗಳು ಸ್ಪಷ್ಟವಾಗುತ್ತವೆ. ಅಕ್ಷರವನ್ನು ಉಳಿಸಲೆಂದು ಆಕಾಶವನ್ನು ಅಲ್ಲಗಳೆಯುವುದು ಒಂದು. ಇದು ಹಳೆಯ ಅಪಾಯ. ಎಲ್ಲರ ಕಣ್ಣಿಗೂ ಬೀಳುತ್ತದೆ. ಹೊಸ ವಿಜ್ಞಾನವು ಹಳೆಯ ವಾಕ್ಯದಲ್ಲಿ ಮೊದಲೇ ಅಡಗಿತ್ತೆಂದು ತೋರಿಸಿ ಗ್ರಂಥಕ್ಕೆ ಕೀರ್ತಿ ತರಲೆಳಸುವುದು ಇನ್ನೊಂದು. ಇದು ಭಕ್ತಿಯ ವೇಷದಲ್ಲಿ ಬರುವುದರಿಂದ ಹೆಚ್ಚು ಮೋಹಕವಾದುದು. ಗೆಲಿಲಿಯೊನಂತಹ ಧೀಮಂತನೂ ಅದರ ಸೆಳೆತಕ್ಕೆ ಒಳಗಾದನು. ವಿಜ್ಞಾನವು ತನ್ನ ಮತವನ್ನು ತಿದ್ದಿಕೊಳ್ಳುತ್ತಲೇ ಬಾಳುವ ವಿದ್ಯೆ. ಅದರ ಇಂದಿನ ಮತಕ್ಕೆ ಗಂಟುಹಾಕಿದ ವಾಕ್ಯವು ನಾಳೆ ಅದರೊಡನೆಯೇ ಬೀಳುತ್ತದೆ. ಆಗ ನಗೆಗೀಡಾಗುವುದು ಗಂಟುಹಾಕಿದವನಲ್ಲ, ಗ್ರಂಥ. ಅಗಸ್ಟೀನನ ಎಚ್ಚರಿಕೆಯು ಇಬ್ಬರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಕ್ರಿಸ್ಟೀನಾಳ ಕಳವಳಕ್ಕೆ ಯೋಗ್ಯವಾದ ಉತ್ತರವು ಪತ್ರದ ಕೊನೆಯಲ್ಲಿಲ್ಲ, ನಡುವೆ ಇದೆ. ಗ್ರಂಥವು ಏನನ್ನು ಹೇಳಲು ಬಾಯಿ ತೆರೆದಿದೆಯೋ ಅದನ್ನು ಕೇಳುವುದೇ ಅದಕ್ಕೆ ಸಲ್ಲಿಸಬೇಕಾದ ಗೌರವ. ಹಾಡನ್ನು ಹಾಡೆಂದೂ ನೀತಿಯನ್ನು ನೀತಿಯೆಂದೂ ಮೊರೆಯನ್ನು ಮೊರೆಯೆಂದೂ ತಿಳಿದು ಓದುವವನಿಗೆ ಸೂರ್ಯನು ನಿಂತರೂ ನಡೆದರೂ ಗ್ರಂಥದ ಮಾತು ಕೆಡುವುದಿಲ್ಲ. ಹಾಗೆ ಓದಲು ಬೇಕಾದುದು ವಿಜ್ಞಾನಕ್ಕಿಂತ ಹೆಚ್ಚಾಗಿ ಭಾಷೆಯ ಪರಿಚಯ, ಕಾವ್ಯದ ಸಂಸ್ಕಾರ ಮತ್ತು ತಾಳ್ಮೆ. ಸಾಹಿತ್ಯದ ವಿದ್ಯಾರ್ಥಿಯ ವಿದ್ಯೆಯು ಭಕ್ತನಿಗೆ ಒದಗುವುದು ಈ ಎಡೆಯಲ್ಲಿ.